ಎರಡನೇ ಗೇರಿನ ಎಣ್ಣೆ

ಮೇ 14, 1991. ಮಂಗಳವಾರ

ಇವತ್ತೂ ಅದೇ. ಮನೆಯಿಂದ ಹೊರಟು ಬೀದಿಯ ತಿರುವು ದಾಟುವಷ್ಟರಲ್ಲಿ ಗೇರನ್ನು ಒಂದರಿಂದ ಎರಡಕ್ಕೆ ಹಾಕಿದೆ — ಕರ್ರ್... ನಿದ್ದೆಯಲ್ಲಿ ಹಲ್ಲು ಕಡಿದ ಹಾಗೆ. ನಾಯಿ ಹಿಡಿದು ನಿಂತಿದ್ದ ಎದುರು ಮನೆಯ ಅಜ್ಜಿ ತಿರುಗಿ ನೋಡಿದಳು. ನಾಚಿಕೆಯಾಯಿತು.

ಚಳಿ ಶುರುವಾದಾಗಿನಿಂದ ಹೀಗೆ; ಈ ಆಸ್ಟ್ರೇಲಿಯಾದಲ್ಲಿ ಮೇ ಅಂದರೆ ಚಳಿ. ಫೆಬ್ರವರಿಯಲ್ಲಿ ಗೆಳೆಯ ಯೋಗೀಶನಿಂದ ಈ ಕಾರು ಕೊಂಡು ಸಿಡ್ನಿಯಿಂದ ಮೆಲ್ಬರ್ನಿನವರೆಗೆ ಓಡಿಸಿಕೊಂಡು ಬಂದಾಗ ಏನೂ ಇರಲಿಲ್ಲ. ಕಡು ಹಸಿರು ಬಣ್ಣ, ಎರಡೇ ಸೀಟು, ಐದು ಗೇರು. ಜಪಾನಿನದು, ಹಳೆಯದು, ಆದರೂ ನೋಡಿದವರು ಇನ್ನೊಮ್ಮೆ ನೋಡುತ್ತಾರೆ. ಐವತ್ತರ ಹತ್ತಿರ ಬಂದವನಿಗೆ ಸ್ಪೋರ್ಟ್ಸ್ ಕಾರು ಯಾಕೆ ಅಂತ ಹೆಂಡತಿ ಅಹಲ್ಯಾ ಕೇಳಲಿಲ್ಲ. "ಆಟೋಮ್ಯಾಟಿಕ್ ಸಿಗ್ತಿರ್ಲಿಲ್ವಾ?" ಅಂದಳು, ಅಷ್ಟೆ. ಆಟೋಮ್ಯಾಟಿಕ್ ಆದರೆ ಇಂಥ ಕಾರು ಕೊಳ್ಳುವುದೇ ಯಾಕೆ?

ನೀರಿನ ಬೋರ್ಡಿನಲ್ಲಿ ಯಾವ ಪಂಪಿಗೆ ಯಾವ ಎಣ್ಣೆ ಅಂತ ಹೇಳುವುದು ನನ್ನ ಕೆಲಸ. ಆ ಇಂಜಿನಿಯರನ ಕಾರೇ ಬೀದಿಯಲ್ಲಿ ಅರಚಬೇಕೆ? ಶನಿವಾರ ನೋಡಬೇಕು. ಮಧ್ಯಾಹ್ನದ ಮೀಟಿಂಗಿನಲ್ಲಿ ಕಣ್ಣು ಎಳೆಯಿತು. ಈಗಂತೂ ಚಮಚ ಎತ್ತುವುದಕ್ಕೂ ಬೇಸರ. ಇದೆಂಥ ಸುಸ್ತು...

ಮೇ 18, ಶನಿವಾರ

ಕಾರನ್ನು ಜ್ಯಾಕಿನಿಂದ ಎತ್ತಿ, ನಾಲ್ಕೂ ಕಡೆ ಸ್ಟ್ಯಾಂಡ್ ಕೊಟ್ಟು, ಕೆಳಗೆ ನುಸುಳಿದೆ. ಗೇರ್‌ಬಾಕ್ಸಿನ ಬಿರಡೆ ಬಿಚ್ಚಿದ ಕೂಡಲೇ ಕಾರಣ ಸಿಕ್ಕಿತು. ಮೂಗಿಗೇ ಗೊತ್ತಾಯಿತು. ಕೊಳೆತ ಮೊಟ್ಟೆಯ ವಾಸನೆ — ಗಂಧಕ. ಹಿಂದಿನ ಚಕ್ರಗಳ ಡಿಫರೆನ್ಶಿಯಲ್‌ಗೆ ಹಾಕುವ ಎಣ್ಣೆಯನ್ನು ಯಾರೋ ಗೇರ್‌ಬಾಕ್ಸಿಗೂ ಸುರಿದಿದ್ದಾರೆ.

ಇದು ಎಲ್ಲರೂ ಮಾಡುವ ತಪ್ಪು. ಎಣ್ಣೆ ಎಂದರೆ ಜಾರಬೇಕು, ಹೆಚ್ಚು ಜಾರಿದಷ್ಟೂ ಒಳ್ಳೆಯದು ಅಂದುಕೊಳ್ಳುತ್ತಾರೆ. ಗೇರ್‌ಬಾಕ್ಸಿನಲ್ಲಿ ಹಾಗಲ್ಲ. ಪ್ರತಿ ಗೇರಿನ ಪಕ್ಕ ಒಂದು ಹಿತ್ತಾಳೆಯ ಉಂಗುರ ಇರುತ್ತದೆ — ಸಿಂಕ್ರೋ. ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ಭಾಗಗಳು ಕೂಡುವ ಮೊದಲು ಆ ಉಂಗುರ ಉಜ್ಜಿ, ಹಿಡಿದು, ಎರಡನ್ನೂ ಒಂದೇ ವೇಗಕ್ಕೆ ತರಬೇಕು. ಎಣ್ಣೆ ಅತಿ ಜಾರಿದರೆ ಉಂಗುರಕ್ಕೆ ಹಿಡಿತ ಸಿಗುವುದಿಲ್ಲ. ಅತಿ ಮಂದವಾದರೆ ಚಳಿಯಲ್ಲಿ ಕದಲುವುದಿಲ್ಲ. ಗಂಧಕ ಹೆಚ್ಚಿದ್ದರೆ ಹಿತ್ತಾಳೆಯನ್ನೇ ತಿನ್ನುತ್ತದೆ. ಬೆರಳಿಗೆ ಹತ್ತಿದ ಎಣ್ಣೆಯಲ್ಲಿ ಹೊಂಬಣ್ಣದ ಹುಡಿ ಮಿನುಗಿತು.

ಅಹಲ್ಯಾಳ ಕಾರಿನಲ್ಲಿ ಅಂಗಡಿಗೆ ಹೋದೆ. ಡಬ್ಬಿಗಳ ಮೇಲೆ ಜಿಎಲ್-4, ಜಿಎಲ್-5 ಅಂತ ಬರೆದಿರುತ್ತದೆ. ನಾಲ್ಕು ಅಂದರೆ ಹಿತ್ತಾಳೆಗೆ ಒಗ್ಗುವುದು, ಐದು ಅಂದರೆ ಡಿಫರೆನ್ಶಿಯಲ್‌ಗೆ. ಕೌಂಟರಿನವನು "ಫೈವ್ಸ್ ಬೆಟರ್ ದ್ಯಾನ್ ಫೋರ್, ಮೇಟ್" ಅಂದ. ನಗು ಬಂತು. ನಾಲ್ಕನ್ನೇ ತಂದು ಹಾಕಿದೆ.

ಕೆಲಸ ಮುಗಿಸಿ ನೆಲದಿಂದ ಏಳಲು ಆಗಲಿಲ್ಲ. ಮಂಡಿ ಊರಿ ಎದ್ದೆ ಅಂದುಕೊಂಡರೆ ಮತ್ತೆ ಕೂತೇ ಇದ್ದೆ. ಬಟ್ಟೆ ಒಣಗಹಾಕುತ್ತಿದ್ದ ಅಹಲ್ಯಾ ಬಂದು ಕೈ ಕೊಟ್ಟಳು.

"ಏನ್ರೀ ಆಯ್ತು?"

"ಕಾಂಕ್ರೀಟು ತಣ್ಣಗಿದೆ. ಕಾಲು ಜೋಮು ಹಿಡೀತು."

"ಎಡಗಾಲಾ?"

"ಎರಡೂ," ಅಂದೆ.

ಮೇ 19, ಭಾನುವಾರ

ಆಹಾ! ಬೆಳಗಿನ ಮಂಜಿನಲ್ಲಿ ಸ್ಟಾರ್ಟ್ ಮಾಡಿ ಹೊರಟೆ. ಒಂದು, ಎರಡು, ಮೂರು. ಸದ್ದೇ ಇಲ್ಲ. ಅಹಲ್ಯಾಳನ್ನು ಕೂರಿಸಿಕೊಂಡು ಡ್ಯಾಂಡಿನಾಂಗ್ ಬೆಟ್ಟದ ಕಡೆ ಹೋದೆ. ಆಳೆತ್ತರದ ಜರೀಗಿಡಗಳ ನಡುವೆ ತಿರುವು ತಿರುವಾಗಿ ರಸ್ತೆ. ಅವಳು ಸ್ಕಾರ್ಫ್ ಬಿಗಿದುಕೊಂಡು ಸುಮ್ಮನೆ ನಗುತ್ತಿದ್ದಳು. "ಮೂವತ್ತು ವರ್ಷದವರ ಹಾಗೆ ಓಡಿಸ್ತಿದೀರ" ಅಂದಳು. ಸರಿಯಾದ ಎಣ್ಣೆ, ಸರಿಯಾದ ಗಾಡಿ. ಇಷ್ಟೇ ಬೇಕಾಗಿದ್ದುದು.

ವಾಪಸ್ ಬರುವಾಗ ಫರ್ನ್‌ಟ್ರೀ ಗಲ್ಲಿ ಎಂಬ ಊರಿನ ಸಿಗ್ನಲ್ಲಿನಲ್ಲಿ ಒಮ್ಮೆ ಕರ್ರ್ ಅಂದಿತು. ಒಮ್ಮೆ ಮಾತ್ರ. ಹೊಸ ಎಣ್ಣೆ ಎಲ್ಲ ಕಡೆ ಇಳಿಯಬೇಕು.

ಮೇ 23, ಗುರುವಾರ

ಬೆಳಿಗ್ಗೆ ಚೆನ್ನಾಗಿರುತ್ತದೆ. ಸಂಜೆ ಆಫೀಸಿನಿಂದ ಬರುವಾಗ ಅರಚುತ್ತದೆ. ನಿನ್ನೆಯೂ, ಮೊನ್ನೆಯೂ. ಎಣ್ಣೆಯ ದೋಷವಾದರೆ ತಣ್ಣಗಿದ್ದಾಗ ಹೆಚ್ಚಿರಬೇಕು, ಬಿಸಿಯಾದ ಮೇಲೆ ಕಡಿಮೆಯಾಗಬೇಕು. ಇಲ್ಲಿ ತಿರುಗುಮುರುಗು.

ಉಂಗುರಗಳೇ ಸವೆದುಹೋಗಿರಬೇಕು. ಗಂಧಕ ತಿಂದುಹಾಕಿದೆ. ಯೋಗೀಶನಿಗೆ ಗೊತ್ತಿದ್ದೂ ಮಾರಿದನೆ?

ಸುಸ್ತು. ಡ್ರೈವ್‌ವೇಯಲ್ಲಿ ಇಂಜಿನ್ ಆರಿಸಿ ಹಾಗೇ ಕೂತುಬಿಟ್ಟಿದ್ದೆ. ಮಗಳು ಚಿತ್ರಾ ಬಂದು ಗಾಜು ತಟ್ಟಿದಳು. "ಅಪ್ಪಾ, ಆರ್ ಯು ಸ್ಲೀಪಿಂಗ್?"

ಜೂನ್ 2, ಭಾನುವಾರ

ಯೋಗೀಶನಿಗೆ ಫೋನ್ ಮಾಡಿದೆ. ಮೈಸೂರಿನ ಇಂಜಿನಿಯರಿಂಗ್ ಕಾಲೇಜಿನಿಂದ ಜೊತೆಗಿದ್ದವನು, ಹಾಸ್ಟೆಲ್ಲಿನಲ್ಲಿ ರೂಮ್‌ಮೇಟ್. ಈ ದೇಶಕ್ಕೆ ಬಾ ಅಂತ ಕಾಗದ ಬರೆದು ಕರೆಸಿಕೊಂಡವನೂ ಅವನೇ. ಬೆನ್ನು ನೋವಿಗೆ ತಗ್ಗಿನ ಸೀಟು ಆಗುವುದಿಲ್ಲ ಅಂತ ಕಾರು ಮಾರಿದ.

"ನಿನ್ನ ಗ್ಯಾರೇಜಿನೋನು ಯಾವ ಎಣ್ಣೆ ಹಾಕಿದ್ದ?"

"ನಂಗೇನ್ ಗೊತ್ತೋ? ಸರ್ವಿಸ್‌ಗೆ ಬಿಡ್ತಿದ್ದೆ, ತರ್ತಿದ್ದೆ."

"ಸೆಕೆಂಡ್ ಗೇರು ಹೋಗಿದೆ ಅಂತ ಗೊತ್ತಿತ್ತಾ?"

"ಏನ್ ಮಾತಾಡ್ತಿದೀಯ ಬದರಿ? ನಂಗೊಂದಿನ ಸೌಂಡ್ ಬಂದಿಲ್ಲ ಕಣೋ. ಚೆನ್ನಾಗಿ ಓಡಿಸ್ತಿದ್ದೆ."

ಅಂದರೆ ನಾನು ಚೆನ್ನಾಗಿ ಓಡಿಸುತ್ತಿಲ್ಲ. ದನಿ ಎತ್ತರಿಸಿದೆ. ಅವನೂ ಎತ್ತರಿಸಿದ. ಕೊನೆಗೆ "ತಗೊಂಡ್ ಬಾ, ನೋಡೇಬಿಡೋಣ" ಅಂದ. ಹತ್ತನೇ ತಾರೀಖು, ಸೋಮವಾರ, ರಾಣಿಯ ಬರ್ತ್‌ಡೇ ರಜೆ. ಹೋಗುತ್ತೇನೆ.

ಅಹಲ್ಯಾ ಅಡುಗೆಮನೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು. "ಒಂದು ಗೇರಿಗೋಸ್ಕರ ಸಿಡ್ನಿ ತನಕ?" ಅಂದಳು. ಒಂದು ಗೇರಿಗೋಸ್ಕರ ಅಲ್ಲ ಅಂತ ಹೇಳಬೇಕೆನಿಸಿತು. ಟೈರಿನ ಗಾಳಿ ನೋಡಲು ಗ್ಯಾರೇಜಿಗೆ ಹೋದೆ.

ಜೂನ್ 8, ಶನಿವಾರ. ಗಿರಾವೀನ್, ಸಿಡ್ನಿ

ಬಂದು ಸೇರಿದೆ. ಹ್ಯೂಮ್ ಹೈವೇ ಪೂರ್ತಿ ಐದನೇ ಗೇರಿನಲ್ಲಿ, ಕಾಲಿಗೆ ಕೆಲಸವಿಲ್ಲದೆ. ಆದರೂ ಇಳಿದಾಗ ಕಾರಿನ ಬಾಗಿಲು ಹಿಡಿದು ನಿಂತೆ. ಯೋಗೀಶ ಅನ್ನ ಸಾರು ಮಾಡಿಟ್ಟಿದ್ದ; ಹೆಂಡತಿ ಬೆಂಗಳೂರಿಗೆ ಹೋಗಿದ್ದಾಳಂತೆ. ಕಾರಿನ ಮಾತು ಇಬ್ಬರೂ ಎತ್ತಲಿಲ್ಲ. ಊಟವಾದ ಕೂಡಲೇ ಸೋಫಾದಲ್ಲೇ ನಿದ್ದೆ.

ಜೂನ್ 9, ಭಾನುವಾರ. ಗುಂಡಗೈ, ಮೋಟೆಲ್

ಸಿಡ್ನಿಯಲ್ಲಿ ಇವತ್ತೂ ಉಳಿಯುವುದು ಅಂತಿತ್ತು. ಉಳಿಯಲಿಲ್ಲ.

ತಿಂಡಿಯಾದ ಮೇಲೆ ಯೋಗೀಶನಿಗೆ ಕೀ ಕೊಟ್ಟೆ. "ನೀನೇ ಓಡಿಸು, ಕೇಳಿಸ್ಕೋ." ಪ್ಯಾರಮಟ್ಟಾವರೆಗೆ ಹೋದೆವು. ಸಿಗ್ನಲ್ಲಿಗೆ ನಿಲ್ಲುವುದು, ಹೊರಡುವುದು, ಮತ್ತೆ ನಿಲ್ಲುವುದು. ಕಿವಿಯಿಟ್ಟು ಕೂತೆ. ಏನೂ ಇಲ್ಲ. ಎರಡನೇ ಗೇರು ಬಿದ್ದದ್ದೇ ಗೊತ್ತಾಗುತ್ತಿರಲಿಲ್ಲ. "ಬೆಣ್ಣೆ ಕಣೋ," ಅಂದ.

ವಾಪಸ್ ಬರುವಾಗ ಸ್ಟೀರಿಂಗಿಗೆ ನಾನು ಕೂತೆ. ಮೊದಲ ಸಿಗ್ನಲ್ಲಿನಲ್ಲಿ ಕರ್ರ್. ಮುಂದಿನದರಲ್ಲೂ. ಅವನು ಬಗ್ಗಿ ನನ್ನ ಕಾಲಿನ ಕಡೆ ನೋಡುತ್ತಿದ್ದ.

"ಬದರಿ, ಕ್ಲಚ್ಚು ಪೂರ್ತಿ ಒತ್ತುತ್ತಾ ಇಲ್ಲ ನೀನು."

"ಒತ್ತುತ್ತಾ ಇದೀನಿ."

"ಇಲ್ಲ ಕಣೋ. ಮುಕ್ಕಾಲಿಗೆ ನಿಂತ್‌ಬಿಡ್ತಿದೆ. ಹಾಸ್ಟೆಲ್‌ನಲ್ಲಿ ನಿನ್ ಜೊತೆ ಇದ್ದೋನು ನಾನು, ನನ್ ಹತ್ರ ಏನ್ ಮುಚ್ಚುಮರೆ? ಆ ಕಾಲು..."

"ಕಾಲಿನ ಮಾತು ಬೇಡ."

"ಯಾರಿಗಾದ್ರೂ ತೋರಿಸೋ."

ರಸ್ತೆ ಪಕ್ಕ ಕಾರು ನಿಲ್ಲಿಸಿದೆ. ಹಾಳಾದ ಗೇರ್‌ಬಾಕ್ಸ್ ತಲೆಗೆ ಕಟ್ಟಿ ಈಗ ಕಾಲಿನ ಮೇಲೆ ಹಾಕ್ತೀಯಾ ಅಂದೆ. ಇನ್ನೂ ಏನೇನೋ ಅಂದೆ. ಅವನ ಮುಖ ಸಣ್ಣದಾಯಿತು. ಬೆನ್ನು ಹಿಡಿದುಕೊಂಡು ನಿಧಾನಕ್ಕೆ ಇಳಿದ. "ಮನೆ ಇಲ್ಲೇ, ನಡ್ಕೊಂಡು ಹೋಗ್ತೀನಿ. ನೀನು ಹುಷಾರಾಗಿ ಹೋಗು," ಅಂದ. ನಾನು ಅವನ ಮನೆಗೆ ಹೋಗಿ ಬ್ಯಾಗು ಕೂಡ ತರಲಿಲ್ಲ; ಈ ಡೈರಿ ಮಾತ್ರ ಕೋಟಿನ ಜೇಬಿನಲ್ಲಿತ್ತು. ಹಾಗೇ ಹೊರಟುಬಿಟ್ಟೆ.

ಸಂಜೆಗೆ ಇಲ್ಲಿಯವರೆಗೆ, ಅರ್ಧ ದಾರಿಗೆ, ಬರಲಾಯಿತು. ಮುಂದೆ ಆಗಲಿಲ್ಲ. ಅಹಲ್ಯಾಳಿಗೆ ಫೋನ್ ಮಾಡಿ ದಾರಿಯಲ್ಲಿ ಮಂಜು ಅಂದೆ.

ಕಾಲಿನದು ಮುಗಿದ ಕಥೆ. ನಾಲ್ಕನೇ ವಯಸ್ಸಿನಲ್ಲಿ ಪೋಲಿಯೋ. ಮೈಸೂರಿನಲ್ಲಿ ಆ ವರ್ಷ ನಮ್ಮ ಬೀದಿಯಲ್ಲೇ ಮೂರು ಮಕ್ಕಳಿಗೆ ಬಂತು. ಇಬ್ಬರು ನಡೆಯಲಿಲ್ಲ, ನಾನು ನಡೆದೆ. ಅಮ್ಮ ಹೊಲಿಗೆ ಮೆಷೀನಿನ ಮುಂದೆ ಕೂರಿಸಿ ಎಡಗಾಲಿನಿಂದಲೇ ಪೆಡಲು ತುಳಿಸುತ್ತಿದ್ದಳು. ಅಳುತ್ತಾ ತುಳಿಯುತ್ತಿದ್ದೆ, ಅವಳು ಹೊಲಿಯುತ್ತಿದ್ದಳು. ಬೀದಿಯವರ ರವಿಕೆಗಳೆಲ್ಲ ನನ್ನ ಕಾಲಿನಲ್ಲೇ ಆದವು. ಕಾಲು ಬಂತು. ಮೀನಖಂಡ ಸ್ವಲ್ಪ ಸಣ್ಣ, ಅಷ್ಟೆ. ಕ್ರಿಕೆಟ್ ಆಡಿದ್ದೇನೆ, ಚಾಮುಂಡಿಬೆಟ್ಟ ಹತ್ತಿದ್ದೇನೆ. ಹೆಣ್ಣು ಕೊಡುವಾಗ ಅಹಲ್ಯಾಳ ಅಪ್ಪ ನನ್ನನ್ನು ನಡೆಸಿ ನೋಡಿ ತಲೆಯಾಡಿಸಿದ್ದರು.

ಹೋದ ರೋಗ ವಾಪಸ್ ಬರುವುದಿಲ್ಲ. ಇದು ಸಿಂಕ್ರೋ.

ಜೂನ್ 30, ಭಾನುವಾರ

ಬರೆದು ಬಹಳ ದಿನವಾಯಿತು. ಬರೆಯಲು ತ್ರಾಣವಿಲ್ಲ.

ನಿನ್ನೆ ಮತ್ತೆ ಎಣ್ಣೆ ಬದಲಿಸಿದೆ. ಈ ಸಲ ಸಿಂಥೆಟಿಕ್, ತರಿಸಿಕೊಂಡದ್ದು. ಸವೆದ ಉಂಗುರಕ್ಕೂ ಒಳ್ಳೆಯ ಹಿಡಿತ ಕೊಡುತ್ತದಂತೆ. ಅದಕ್ಕಿಂತ ಮೊದಲು ಸ್ವಲ್ಪ ಮಂದವಾದದ್ದನ್ನು ಹಾಕಿ ನೋಡಿದ್ದೆ. ಬೆಳಿಗ್ಗೆ ಲಿವರ್ ಕೆಸರಿನಲ್ಲಿ ಸಿಕ್ಕ ಹಾಗೆ. ಇದು ಸರಿಹೋಗಲೇಬೇಕು.

ಇವತ್ತು ಪರೀಕ್ಷೆ ಮಾಡಿದೆ. ಬೆಳಿಗ್ಗೆ ಚೆನ್ನ. ಮಧ್ಯಾಹ್ನ ಸುಮಾರು. ಸಂಜೆ ಕರ್ರ್. ಮತ್ತೆ ಡ್ರೈವ್‌ವೇಯಿಂದ ಹಿಂದಕ್ಕೆ ತೆಗೆಯುವಾಗ ರಿವರ್ಸ್ ಗೇರು ಕೂಡ ಅರಚಿತು.

ರಿವರ್ಸಿಗೆ ಈ ಗಾಡಿಯಲ್ಲಿ ಸಿಂಕ್ರೋ ಇಲ್ಲ. ಉಂಗುರವೇ ಇಲ್ಲದ ಕಡೆ ಉಂಗುರ ಸವೆಯುವುದು ಹೇಗೆ? ನಿಂತ ಗಾಡಿಯ ರಿವರ್ಸ್ ಅರಚಬೇಕಾದರೆ ಕ್ಲಚ್ಚನ್ನು ಪೂರ್ತಿ ಒತ್ತದೆ...

ಜುಲೈ 5, ಶುಕ್ರವಾರ

ಆಫೀಸಿನಲ್ಲಿ ಲಿಫ್ಟ್ ಬಿಟ್ಟೆ. ದಿನಾ ಮೆಟ್ಟಿಲು. ಕಾಲಿಗೆ ಕೆಲಸ ಕೊಡಬೇಕು. ಸುಮ್ಮನೆ ಬಿಟ್ಟದ್ದೇ ತಪ್ಪು.

ಜುಲೈ 16, ಮಂಗಳವಾರ

ಮೆಟ್ಟಿಲಲ್ಲಿ ಮುಗ್ಗರಿಸಿದೆ. ಕಂಬಿ ಹಿಡಿದೆ, ಬೀಳಲಿಲ್ಲ. ಯಾರೂ ನೋಡಲಿಲ್ಲ. ಮನೆಗೆ ಬಂದು ಶೂ ಬಿಚ್ಚದೆ ಮಲಗಿದೆ.

ಜುಲೈ 24, ಬುಧವಾರ

ಕಾರು ಇನ್ನೂ ಸ್ಕೂಲಿನ ಹತ್ತಿರವೇ ನಿಂತಿದೆ.

ಮೈ ಭಾರವೆಂದು ಆಫೀಸಿನಿಂದ ಬೇಗ ಹೊರಟು ಚಿತ್ರಾಳನ್ನು ಸ್ಕೂಲಿನಿಂದ ಕರೆದುಕೊಂಡು ಬರುತ್ತಿದ್ದೆ. ಜಿನುಗು ಮಳೆ. ಪ್ರೈಮರಿ ಸ್ಕೂಲಿನ ಮುಂದೆ ಕ್ರಾಸಿಂಗ್. ಸ್ಟಾಪ್ ಬೋರ್ಡು ಹಿಡಿದ ಹೆಂಗಸು ಮಕ್ಕಳನ್ನು ದಾಟಿಸುತ್ತಿದ್ದಳು. ಗೇರಿನಲ್ಲೇ ಕ್ಲಚ್ ಒತ್ತಿಕೊಂಡು ನಿಂತಿದ್ದೆ, ಮಕ್ಕಳು ಮುಗಿಯುತ್ತಾರೆ ಅಂತ. ಮುಗಿಯಲಿಲ್ಲ. ತೊಡೆ ನಡುಗತೊಡಗಿತು. ಒತ್ತಿ ಹಿಡಿ, ಒತ್ತಿ ಹಿಡಿ ಅಂದುಕೊಂಡೆ. ಕಾಲು ನನ್ನದಲ್ಲದ ಹಾಗೆ ಜಾರಿಬಿಟ್ಟಿತು. ಗಾಡಿ ಮುಂದಕ್ಕೆ ಚಿಮ್ಮಿತು.

ಬಲಗಾಲು ಬ್ರೇಕ್ ಒತ್ತಿತು. ಇಂಜಿನ್ ಆಫ್. ಬಾನೆಟ್ಟಿನ ಮುಂದೆ ಹಳದಿ ರೇನ್‌ಕೋಟಿನ ಒಂದು ಮಗು. ಆ ಹೆಂಗಸು ಅದನ್ನು ಎಳೆದುಕೊಂಡಿದ್ದಳು. ಅವಳ ಬೋರ್ಡು ಬಾನೆಟ್ಟಿಗೆ ಬಡಿದು ನೆಲಕ್ಕೆ ಬಿತ್ತು. ಮಗುವಿಗೆ ಏನೂ ತಾಗಲಿಲ್ಲ. ಅದು ಅಳಲೂ ಇಲ್ಲ, ನನ್ನನ್ನೇ ನೋಡುತ್ತಿತ್ತು.

ಇಳಿದು ಸಾರಿ ಸಾರಿ ಅಂದೆ. ಆ ಹೆಂಗಸು ಬಿಳಿಚಿಕೊಂಡಿದ್ದಳು. ಮಗುವನ್ನು ಹಿಡಿದುಕೊಂಡೇ ಬಗ್ಗಿ ಬೋರ್ಡು ಎತ್ತಿಕೊಂಡಳು. ಬೈದಿದ್ದರೆ ವಾಸಿಯಿತ್ತು.

ಮತ್ತೆ ಹೊರಡಲು ಕೀ ತಿರುಗಿಸಿದೆ. ಚಿತ್ರಾ ನನ್ನ ಕೈ ಮೇಲೆ ಕೈ ಇಟ್ಟಳು.

"ನೋ, ಅಪ್ಪಾ. ಪ್ಲೀಸ್. ಡೋಂಟ್ ಡ್ರೈವ್."

ಅಲ್ಲೇ ಪಕ್ಕಕ್ಕೆ ತಳ್ಳಿಸಿ ನಿಲ್ಲಿಸಿದೆವು. ಇಬ್ಬರೂ ಮಳೆಯಲ್ಲಿ ಮನೆಗೆ ನಡೆದೆವು. ಅರ್ಧ ದಾರಿಯಲ್ಲಿ ಅವಳು ನನ್ನ ತೋಳು ಹಿಡಿದಳು. ಬಿಡಿಸಿಕೊಳ್ಳಲಿಲ್ಲ.

ಜುಲೈ 25, ಗುರುವಾರ

ರಜೆ ಹಾಕಿದೆ. ಅಹಲ್ಯಾ ಕೂಡ ಲೈಬ್ರರಿಯ ಕೆಲಸಕ್ಕೆ ಹೋಗಲಿಲ್ಲ. ಕಾಫಿ ತಂದು ಎದುರಿಗೆ ಕೂತಳು. ಬೈಯುತ್ತಾಳೆ ಅಂದುಕೊಂಡೆ.

"ಯೋಗೀಶ ಹೋದ ತಿಂಗಳೇ ನಂಗೆ ಫೋನ್ ಮಾಡಿದ್ರು," ಅಂದಳು.

"ಚಾಡಿ ಹೇಳ್ದನಾ?"

"ಅತ್ರು, ಕಣ್ರೀ. ತಮ್ಮ ಬಾಯಿಂದ ಕಾಲಿನ ಮಾತು ಬರಬಾರದಿತ್ತು ಅಂತ ಅತ್ರು." ಲೋಟವನ್ನು ನನ್ನ ಕಡೆ ಸರಿಸಿದಳು. "ನಿಮ್ಮ ಎಡಗಡೆ ಶೂ ಮುಂದೆ ಸವೆದಿರೋದು ನಂಗೆ ಚಳಿಗಾಲಕ್ಕೆ ಮುಂಚೆನೇ ಕಂಡಿತ್ತು. ನೀವೇ ಹೇಳ್ತೀರಿ ಅಂತ ಕಾದೆ. ನೀವು ಎಣ್ಣೆ ಬದಲಾಯಿಸ್ತಾ ಇದ್ರಿ. ನಾನು ನೋಡ್ತಾ ಇದ್ದೆ. ನಾನೂ ಹೆದರಿಕೊಂಡಿದ್ದೆ, ಅದಕ್ಕೇ ಕೇಳಲಿಲ್ಲ. ನಿನ್ನೆ ಆ ಮಗುಗೆ ಏನಾದ್ರೂ ಆಗಿದ್ರೆ ಇಬ್ಬರ ತಪ್ಪೂ ಆಗಿರೋದು."

ಕಾಫಿ ಆರಿತು.

"ಡಾಕ್ಟರ ಹತ್ರ ಹೋಗೋಣ," ಅಂದೆ. ನಾನೇ ಅಂದದ್ದು.

ಆಗಸ್ಟ್ 22, ಗುರುವಾರ

ಜನರಲ್ ಡಾಕ್ಟರಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ನ್ಯೂರಾಲಜಿಸ್ಟ್ ಹತ್ತಿರಕ್ಕೆ. ಸೂಜಿ ಚುಚ್ಚಿ ಕರೆಂಟು ಹಾಯಿಸಿ ನೋಡಿದರು. ಇವತ್ತು ಹೇಳಿದರು.

ನ್ಯೂರಾಲಜಿಸ್ಟ್ ನನ್ನ ವಯಸ್ಸಿನ ಹೆಂಗಸು. ಗೋಡೆಯ ಚಿತ್ರ ತೋರಿಸುತ್ತಾ ನಿಧಾನವಾಗಿ ವಿವರಿಸಿದರು. ಪೋಲಿಯೋ ವಾಪಸ್ ಬಂದಿಲ್ಲ. ಆಗ ಕೆಲವು ನರಗಳು ಸತ್ತವು. ಉಳಿದ ನರಗಳು ಹೊಸ ಕವಲೊಡೆದು ಸತ್ತವುಗಳ ಪಾಲಿನ ಸ್ನಾಯುವನ್ನೂ ನೋಡಿಕೊಂಡವು. ಇಷ್ಟು ವರ್ಷ ತಮ್ಮ ಕೆಲಸದ ಜೊತೆಗೆ ಅವುಗಳ ಕೆಲಸವನ್ನೂ ಮಾಡಿದವು. ಈಗ ಅವಕ್ಕೆ ಆಗುತ್ತಿಲ್ಲ. ಬೇಕಾದಷ್ಟು ಜನರಿಗೆ ಹೀಗಾಗುತ್ತಿದೆಯಂತೆ. ಪೋಸ್ಟ್-ಪೋಲಿಯೋ ಅನ್ನುತ್ತಾರೆ.

"ಈ ಸುಸ್ತು?" ಅಂತ ಕೇಳಿದೆ.

"ದಟ್ ಈಸ್ ಇಟ್," ಅಂದರು. "ಯು ಆರ್ ನಾಟ್ ಲೇಜಿ, ಮಿಸ್ಟರ್ ಬದರಿನಾಥ."

ನಾನು ಸೋಮಾರಿ ಅಂತ ಹೇಳಿಯೇ ಇರಲಿಲ್ಲ. ಹೇಗೆ ಗೊತ್ತಾಯಿತು ಇವರಿಗೆ...

ಮೆಟ್ಟಿಲು ಹತ್ತಿ ಕಾಲಿಗೆ ಬಲ ಬರಿಸುತ್ತಿದ್ದೇನೆ ಅಂದೆ. ತಕ್ಷಣ ನಿಲ್ಲಿಸಿ ಅಂದರು. ಬಲ ಬರುವುದಿಲ್ಲ, ಇರುವುದೂ ಖರ್ಚಾಗುತ್ತದೆ. ಲಿಫ್ಟು, ಕೋಲು, ಬೇಕಾದರೆ ಮಂಡಿಗೆ ಪಟ್ಟಿ. ಮಧ್ಯಾಹ್ನ ಮಲಗಬೇಕು. ಕ್ಲಚ್ ಬೇಡ. ಇನ್ನೂ ಕೆಡುತ್ತದೆಯೇ ಅಂದರೆ — ನಿಧಾನವಾಗಿ, ಬಹಳ ನಿಧಾನವಾಗಿ, ಎಷ್ಟು ಅಂತ ಯಾರಿಗೂ ಹೇಳಲಾಗದು.

ತುಳಿ ಮಗು ತುಳಿ ಅಂತ ಅಮ್ಮ ಹೇಳಿದ್ದು. ತುಳಿದೆ. ಈಗ ತುಳಿಯಬೇಡ ಅನ್ನುತ್ತಾರೆ. ಅಮ್ಮ ಇದ್ದಿದ್ದರೆ ಯಾರ ಮಾತು ಕೇಳುತ್ತಿದ್ದಳೋ.

ಪಾರ್ಕಿಂಗಿನಲ್ಲಿ ಅಹಲ್ಯಾ ಕಾರು ಸ್ಟಾರ್ಟ್ ಮಾಡುವ ಮೊದಲು ನನ್ನ ಸೀಟನ್ನು ಹಿಂದಕ್ಕೆ ಒರಗಿಸಿದಳು. ಸುಸ್ತಿಗೆ ಒಂದು ಹೆಸರು ಸಿಕ್ಕಿತು ಅನ್ನುವುದೇ ಒಂದು ತರಹ ವಿಶ್ರಾಂತಿ. ವಿಚಿತ್ರ.

ಸೆಪ್ಟೆಂಬರ್ 1, ಭಾನುವಾರ

ಯೋಗೀಶನಿಗೆ ಫೋನ್. ಏನು ಹೇಳಬೇಕು ಅಂತ ಬೆಳಗಿನಿಂದ ಜೋಡಿಸಿಕೊಂಡಿದ್ದೆ. ಅವನು ಹಲೋ ಅಂದ ಕೂಡಲೇ ಎಲ್ಲ ಮರೆತುಹೋಯಿತು.

"ನೀನು ಹೇಳಿದ್ದು ಸರಿ ಕಣೋ," ಅಂದೆ.

"ಸರಿ ಆಗಬಾರದಿತ್ತು," ಅಂದ. "ಆ ಎಣ್ಣೆ ವಿಷಯ ವಿಚಾರಿಸ್ದೆ. ನನ್ ಗ್ಯಾರೇಜಿನೋನು ತಪ್ಪಾಗಿ ಹಾಕಿದ್ದು ನಿಜ. ಅದನ್ನ ನೀನ್ ಸರಿಯಾಗೇ ಹಿಡಿದೆ."

ಎರಡೂ ನಿಜ. ಎಣ್ಣೆಯೂ ಕೆಟ್ಟಿತ್ತು, ಕಾಲೂ ಕೆಟ್ಟಿತ್ತು. ಒಂದನ್ನು ಸರಿಮಾಡಿದವನಿಗೆ ಇನ್ನೊಂದನ್ನು ಕಾಣದೆ ಇರುವುದು ಎಷ್ಟು ಸುಲಭ.

ಕಾರನ್ನು ಮಾರಿಬಿಡುತ್ತೇನೆ ಅಂದೆ ಅವನಿಗೆ. ಹೂಂ ಅಂದ. ಫೋನ್ ಇಟ್ಟ ಮೇಲೆ ಅಹಲ್ಯಾ, "ಯಾರನ್ನ ಕೇಳಿ?" ಅಂದಳು.

"ಮತ್ತೇನ್ ಮಾಡೋದು? ಗ್ಯಾರೇಜಲ್ಲಿ ನಿಲ್ಲಿಸಿ ಪೂಜೆ ಮಾಡೋದಾ?"

"ನಾನು ಕಲೀತೀನಿ."

ತಮಾಷೆ ಅಂದುಕೊಂಡೆ. ಆಟೋಮ್ಯಾಟಿಕ್ ಬಿಟ್ಟು ಬೇರೆ ಮುಟ್ಟಿದವಳಲ್ಲ. ಮುಖ ನೋಡಿದೆ. ತಮಾಷೆಯಲ್ಲ.

ಸೆಪ್ಟೆಂಬರ್ 14, ಶನಿವಾರ

ಮಧ್ಯಾಹ್ನ ಮಲಗಿ ಎದ್ದೆ — ಈಗ ನಾಚಿಕೆಯಿಲ್ಲದೆ ಮಲಗುತ್ತೇನೆ. ಎದ್ದು ನೋಡಿದರೆ ಅಮ್ಮ ಮಗಳು ಇಬ್ಬರೂ ಹಳೇ ಬಟ್ಟೆ ಹಾಕಿಕೊಂಡು ಗ್ಯಾರೇಜಿನಲ್ಲಿ. ಕಾರಿನಲ್ಲಿ ಇರುವ ಎಣ್ಣೆ ಸರಿಯೇ ಅಂತ ಅಹಲ್ಯಾ ಕೇಳಿದಳು.

ಯೋಚಿಸಿದೆ. ಇದುವರೆಗೆ ಆರಿಸಿದ್ದೆಲ್ಲ ನನ್ನ ಕಾಲನ್ನು ಮುಚ್ಚಿಡುವ ಎಣ್ಣೆ. ಕಲಿಯುವವಳಿಗೆ ಏನು ಬೇಕು? ಲಿವರಿನ ತುದಿಯಲ್ಲಿ ಗೇರು ಕೂರುವುದು ಕೈಗೆ ಗೊತ್ತಾಗಬೇಕು. ತಪ್ಪು ಮಾಡಿದರೆ ತಪ್ಪು ಅಂತ ತಿಳಿಯಬೇಕು, ಆದರೆ ಹಲ್ಲು ಮುರಿಯಬಾರದು. ಸಿಂಥೆಟಿಕ್ ಬೇಡ. ಮಂದವಾದದ್ದೂ ಬೇಡ. ಕಾರಿನ ಪುಸ್ತಕದಲ್ಲಿ ಬರೆದಿರುವ ಸಾಧಾರಣ ಜಿಎಲ್-4. ಮೊದಲ ಸಲ ಹಾಕಿದ್ದು ಅದೇ. ಅದರಲ್ಲಿ ಯಾವ ದೋಷವೂ ಇರಲಿಲ್ಲ.

ನಾನು ಕುರ್ಚಿಯಲ್ಲಿ. ಚಿತ್ರಾ ಕಾರಿನ ಕೆಳಗೆ. ಕೆಳಗಿನ ಬಿರಡೆ ಬಿಚ್ಚುವ ಮೊದಲು ಮೇಲಿನದು ಬಿಚ್ಚು ಅಂದೆ. "ವೈ?" ಅಂದಳು. ಮೇಲಿನದು ಬಿಚ್ಚಲು ಬರದಿದ್ದರೆ ಹೊಸ ಎಣ್ಣೆ ಹಾಕುವುದೆಲ್ಲಿ? "ಓ, ದಟ್ಸ್ ಸ್ಮಾರ್ಟ್," ಅಂತ ನಕ್ಕಳು. ಮುಖದ ತುಂಬ ಎಣ್ಣೆ. ಆ ಕ್ರಾಸಿಂಗಿನ ದಿನದ ನಂತರ ನನ್ನ ಜೊತೆ ನಕ್ಕದ್ದು ಇವತ್ತೇ.

ಅಕ್ಟೋಬರ್ 6, ಭಾನುವಾರ

ಲೈಬ್ರರಿಯ ಹಿಂದಿನ ಖಾಲಿ ಪಾರ್ಕಿಂಗಿನಲ್ಲಿ ಪಾಠ. ಅಹಲ್ಯಾ ಹತ್ತು ಸಲ ಇಂಜಿನ್ ಆಫ್ ಮಾಡಿದಳು. ನನಗೆ ರೇಗಿತು, ಅವಳಿಗೂ ರೇಗಿತು. "ಬಿಡ್ಬೇಡ, ಬಿಡ್ಬೇಡ, ನಿಧಾನಕ್ಕೆ ಬಿಡು!" ಅಂದೆ. "ಬಿಡ್ಲಾ ಬೇಡ್ವಾ, ಒಂದ್ ಹೇಳ್ರೀ!"

ಅವಳ ಎಡಗಾಲು ಕ್ಲಚ್ಚನ್ನು ನೆಲದವರೆಗೂ ಒತ್ತುತ್ತದೆ. ಯೋಚನೆಯೇ ಇಲ್ಲದೆ. ಅದನ್ನೇ ನೋಡುತ್ತಿದ್ದೆ. ಅಸೂಯೆ ಪಟ್ಟೆ, ಬರೆದುಬಿಡುತ್ತೇನೆ. ಹೆಂಡತಿಯ ಕಾಲು ನೋಡಿ ಅಸೂಯೆ. ಮನೆಗೆ ಬಂದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದೆ. ಅವಳಿಗೆ ಗೊತ್ತಾಯಿತೇನೋ, ರೇಡಿಯೋ ಹಚ್ಚಿ ಹೋದಳು.

ನವೆಂಬರ್ 5, ಮಂಗಳವಾರ

ಕಪ್ ಡೇ, ಮೆಲ್ಬರ್ನಿನ ದೊಡ್ಡ ಕುದುರೆ ರೇಸಿನ ರಜೆ. ಊರಿಗೆ ಊರೇ ಕುದುರೆ ನೋಡುವಾಗ ರಸ್ತೆಗಳು ಖಾಲಿ. ಅಹಲ್ಯಾ ಬೆಟ್ಟದ ದಾರಿ ಹಿಡಿಯೋಣ ಅಂದಳು. ಅಪ್ಪರ್ ಫರ್ನ್‌ಟ್ರೀ ಗಲ್ಲಿಯವರೆಗೆ ಚೆನ್ನಾಗಿ ಬಂದಳು. ಏರು ಶುರುವಾದ ಮೇಲೆ ಗಾಬರಿ. ತಿರುವು ನೋಡಬೇಕು, ಕ್ಲಚ್ ಒತ್ತಬೇಕು, ಲಿವರ್ ಹುಡುಕಬೇಕು. ಒಂದು ತಿರುವಿನಲ್ಲಿ ಮೂರರ ಬದಲು ಐದಕ್ಕೆ ಹಾಕಿದಳು. ಗಾಡಿ ಕೆಮ್ಮಿತು. ಪಕ್ಕಕ್ಕೆ ನಿಲ್ಲಿಸಿ ಸ್ಟೀರಿಂಗಿಗೆ ಹಣೆ ಹಚ್ಚಿದಳು.

"ನಂಗಾಗಲ್ಲ. ಮೂರು ಕೆಲಸ ಒಟ್ಟಿಗೆ ಆಗಲ್ಲ."

ಅವಳು ಬಲಗಡೆ, ನಾನು ಎಡಗಡೆ. ನಡುವೆ ಲಿವರ್. ನನ್ನ ಬಲಗೈ ಹತ್ತಿರವೇ ಇದೆ. ಎಷ್ಟು ವಾರಗಳಿಂದ ಪಕ್ಕದಲ್ಲಿ ಕೈಕಟ್ಟಿ ಕೂತಿದ್ದೆ, ಹೊಳೆದೇ ಇರಲಿಲ್ಲ.

"ನೀನು ರಸ್ತೆ ನೋಡು, ಕ್ಲಚ್ ಒತ್ತು. ಒತ್ತಿದಾಗ ಹೂಂ ಅನ್ನು. ಗೇರ್ ನಾನು ಹಾಕ್ತೀನಿ."

"ಪೊಲೀಸ್ ನೋಡಿದ್ರೆ?"

"ಕುದುರೆ ನೋಡ್ತಿರ್ತಾರೆ."

ಹೊರಟೆವು. "ಹೂಂ." ಎರಡು. "ಹೂಂ." ಮೂರು. ಮೊದಮೊದಲು ತಡವಾಯಿತು, ಒಮ್ಮೆ ಬೇಗವಾಯಿತು. ಒಂದೆರಡು ತಿರುವಿನ ಮೇಲೆ ಕೂಡಿಕೊಂಡಿತು. ಬೆಟ್ಟದ ಮೇಲಿನ ಸ್ಯಾಸಫ್ರಾಸ್ ಊರಿನ ಹತ್ತಿರ ಬರುವಷ್ಟರಲ್ಲಿ ಅವಳು ಹೂಂ ಅನ್ನುವುದನ್ನು ಬಿಟ್ಟಳು. ಇಂಜಿನ್ನಿನ ಸದ್ದು ಏರಿ, ಅವಳ ಮಂಡಿ ಕದಲಿದ್ದು ಕಣ್ಣಂಚಿಗೆ ಕಂಡರೆ ನನಗೆ ಸಾಕು; ಕೈ ತಾನಾಗಿ ಹೋಗುತ್ತದೆ. ಮೇಲೆ ಟೀ ಕುಡಿದೆವು. ಅವಳು ಜಂಬದಿಂದ ಕೂತಿದ್ದಳು. ನಾನೂ.

ಸುಸ್ತಾಗಿದೆ. ಇಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಇದು ಹೊರಗೆ ಹೋಗಿ ಬಂದವನ ಸುಸ್ತು.

ಕ್ರಿಸ್‌ಮಸ್ ರಜೆಗೆ ಯೋಗೀಶನ ಮನೆಗೆ ಹೋಗೋಣ, ಇದರಲ್ಲೇ, ಚಿತ್ರಾ ರೈಲಿನಲ್ಲಿ ಬರಲಿ, ಅನ್ನುತ್ತಿದ್ದಾಳೆ. "ಅಷ್ಟು ದೂರ ನಿಂಗಾಗುತ್ತಾ?" ಅಂದೆ. "ನಿಮಗಾಗುತ್ತಾ?" ಅಂದಳು. ರಸ್ತೆಯ ಮ್ಯಾಪು ತೆಗೆದು ಮುಂದಿಟ್ಟುಕೊಂಡಿದ್ದೇನೆ. ಈಗ ಅಡುಗೆಮನೆಯಿಂದ ಮತ್ತೆ ಕೇಳುತ್ತಿದ್ದಾಳೆ. ಬೆಳಿಗ್ಗೆ ಬೇಗ ಹೊರಟು, ಮಧ್ಯಾಹ್ನ ಎಲ್ಲಾದರೂ ಮರದ ನೆರಳಿನಲ್ಲಿ ಸ್ವಲ್ಪ ಮಲಗಿ, ಸಂಜೆಗೆ ಒಂದು ಊರಿನಲ್ಲಿ ತಂಗಿದರೆ...